ಕಾಲರ್ ಅಕ್ಕನ ಕಿಡ್ನಿ

ಕಾಲರ್ ಅಕ್ಕನ ಹೃದಯದ ಪರೀಕ್ಷೆಗೆ ಮೊದಲು ಅವಳ ಕಿಡ್ನಿ ಹೇಗಿದೆ ಎಂದು ಯಾರೂ ನೋಡಲಿಲ್ಲ. ತೊಡೆಯ ರಕ್ತನಾಳದಲ್ಲಿ ಬಣ್ಣದ ಔಷಧಿ ಬಿಟ್ಟರು. ಪರದೆಯ ಮೇಲೆ ಹೃದಯದ ನಾಳಗಳು ಚೆನ್ನಾಗಿ ಕಂಡವು. ಮಾರನೆ ದಿನ ಮನೆಗೆ ಕಳಿಸಿದರು. ಆ ವಾರದಲ್ಲೇ ಮೂತ್ರ ಕಟ್ಟಿತು, ಮುಖ ಊದಿತು. ಕೆಲವು ತಿಂಗಳು ಡಯಾಲಿಸಿಸ್ ಯಂತ್ರಕ್ಕೆ ಕೈ ಕೊಟ್ಟು ಮಲಗಿದಳು. ಆಮೇಲೆ ಸತ್ತಳು.

ಬಟ್ಟೆ ಕಾರ್ಖಾನೆಯಲ್ಲಿ ಅವಳು ಕಾಲರ್ ಹೊಲಿಯುತ್ತಿದ್ದಳು. ಹೆಸರು ಬಂದದ್ದು ಹಾಗೆ. ಅವಳ ಮಗ್ಗುಲ ಮಿಷನ್ನಿನಲ್ಲಿ ತೋಳು ಹೊಲಿಯುವವಳಿಗೆ ಈಗ ಮೆಟ್ಟಿಲು ಹತ್ತಿದರೆ ಎದೆ ಹಿಂಡುತ್ತದೆ. ಅದೇ ಆಸ್ಪತ್ರೆ, ಅದೇ ಪರೀಕ್ಷೆ, ಬರುವ ಸೋಮವಾರ.

"ನನಗೆ ಭಯ," ಎಂದಳು ತೋಳಿನವಳು.

"ಅಕ್ಕನ ಹಣೆಬರಹ ಅಕ್ಕನಿಗೆ," ಎಂದ ಗಂಡ. "ನಿನ್ನ ಎದೆ ಕೈಕೊಟ್ರೆ ನನ್ನನ್ನ ಬೈಯೋಕೆ ಯಾರಿದಾರೆ?"

ಪಕ್ಕದ ಮನೆಯ ನರ್ಸಮ್ಮ ಬಾಗಿಲಲ್ಲೇ ನಿಂತಿದ್ದಳು. ಡಯಾಲಿಸಿಸ್ ವಾರ್ಡಿನವಳು, ಅಕ್ಕನ ಕೈಗೆ ಸೂಜಿ ಚುಚ್ಚುತ್ತಿದ್ದವಳು ಇವಳೇ.

"ಹಣೆಬರಹ ಅಲ್ಲ ಅಣ್ಣಾ. ಪರೀಕ್ಷೆ ಬೇಕು, ಎಷ್ಟೋ ಜೀವ ಉಳಿಸಿದೆ. ಆದ್ರೆ ಆ ಬಣ್ಣ ಹೊರಗೆ ಹೋಗೋದು ಕಿಡ್ನಿಯಿಂದ. ಕಿಡ್ನಿ ಚೆನ್ನಾಗಿದ್ರೆ ಹೆಚ್ಚಿನವರಿಗೆ ಏನೂ ಆಗಲ್ಲ. ಮೊದಲೇ ಸೋತಿದ್ರೆ, ಸಕ್ಕರೆ ಕಾಯಿಲೆ ಇದ್ರೆ, ಮೈಯಲ್ಲಿ ನೀರಿಲ್ಲದಿದ್ರೆ ಅಪಾಯ. ತಂಗೀ, ಕೆಲಸದ ಹೊತ್ತಲ್ಲಿ ಎಷ್ಟು ನೀರು ಕುಡೀತೀಯ?"

ತೋಳಿನವಳು ನಕ್ಕಳು. "ಕುಡಿದ್ರೆ ಎದ್ದು ಹೋಗಬೇಕಲ್ಲ? ಎದ್ರೆ ಮೇಸ್ತ್ರಿ ಕೆಕ್ಕರಿಸ್ತಾನೆ. ನಮ್ಮ ಸಾಲಲ್ಲಿ ಯಾರೂ ಕುಡಿಯಲ್ಲ."

"ಸೊಂಟನೋವು ಬಂದ್ರೆ?"

"ಮಾತ್ರೆ ಅವನೇ ಕೊಡ್ತಾನೆ. ಅದೊಂದರಲ್ಲಿ ಅವನದು ಧಾರಾಳ ಕೈ."

"ಅಕ್ಕನೂ ಅದನ್ನೇ ನುಂಗಿದ್ದು. ನೀರು ಬಿಡಿಸಿ, ನೋವಿನ ಮಾತ್ರೆ ತಿನ್ನಿಸಿ, ಅವಳ ಕಿಡ್ನಿ ಅರ್ಧ ಅಲ್ಲೇ ಮುಗಿಸಿದ್ರು. ಉಳಿದರ್ಧ ಆಸ್ಪತ್ರೇಲಿ."

"ಡಾಕ್ಟರಿಗೆ ಇದು ಗೊತ್ತಿಲ್ವಾ?" ಎಂದ ಗಂಡ. "ಕೇಳಿದ್ರೆ, ಬಾ ನೀನೇ ಡಾಕ್ಟರಾಗು ಅಂತಾರೆ."

"ಗೊತ್ತಿದೆ. ಅವತ್ತೂ ಗೊತ್ತಿತ್ತು. ಜನ ಜಾಸ್ತಿ ಇದ್ರು, ನೋಡಲಿಲ್ಲ. ಅಳತೆ ತೆಗೀದೆ ಬಟ್ಟೆಗೆ ಕತ್ತರಿ ಹಾಕ್ತೀರಾ ನೀವು?"

"ಹಾಕಿದ್ರೆ ಸಂಬಳ ಹಿಡೀತಾರೆ," ಎಂದಳು ತೋಳಿನವಳು.

"ಅಕ್ಕ ಸತ್ತಾಗ ಯಾರ ಸಂಬಳವನ್ನೂ ಹಿಡೀಲಿಲ್ಲ."

ಗಂಡ ನರ್ಸಮ್ಮನಿಗೆ ಸ್ಟೂಲು ಎಳೆದು ಹಾಕಿದ. ಆಮೇಲೆ, "ಏನು ಕೇಳಬೇಕು, ಹೇಳಮ್ಮ," ಎಂದ.

ಓದುವವರೇ, ಅವಳು ಹೇಳಿದ್ದು ನಿಮಗೂ ಸೇರಿದ್ದು. ಬಣ್ಣದ ಔಷಧಿಗೆ ಮೊದಲು, ಕಿಡ್ನಿ ಹೇಗಿದೆ ಎಂದು ತಿಳಿಸುವ ಕ್ರಿಯಾಟಿನಿನ್ ಎಂಬ ರಕ್ತಪರೀಕ್ಷೆ ಆಯಿತೇ, ವೈದ್ಯರು ಅದನ್ನು ನೋಡಿದರೇ, ಕೇಳಿ. ನೋವಿನದಿರಲಿ, ಸಕ್ಕರೆಯದಿರಲಿ, ನುಂಗುವ ಮಾತ್ರೆಗಳನ್ನೆಲ್ಲ ತೋರಿಸಿ. ಯಾವುದು ನಿಲ್ಲಿಸಬೇಕೆಂದು ಅವರು ಹೇಳಲಿ. ನೀರು ಎಷ್ಟು ಕುಡಿಯಬೇಕು, ಡ್ರಿಪ್ ಹಾಕಬೇಕೇ ಎಂದೂ ಕೇಳಿ, ಏಕೆಂದರೆ ಹೃದಯ ಸೋತವರಿಗೆ ನೀರು ಹೆಚ್ಚಾದರೂ ಕೇಡು. ಎರಡು ಮೂರು ದಿನ ಕಳೆದು ಮತ್ತೆ ರಕ್ತಪರೀಕ್ಷೆ ಮಾಡಿಸಬೇಕೇ ಎಂದು ಕೇಳದೆ ಮನೆಗೆ ಬರಬೇಡಿ. ಮೂತ್ರ ಕಡಿಮೆಯಾದರೆ, ಮೈ ಊದಿದರೆ ಕಾಯಬೇಡಿ. ಆದರೆ ಹೃದಯಾಘಾತವಾಗಿ ಬಂದವರ ಚಿಕಿತ್ಸೆಯನ್ನು ಮಾತ್ರ ತಡೆಯಬೇಡಿ. ಅಲ್ಲಿ ಪ್ರತಿ ನಿಮಿಷವೂ ಜೀವ.

ಸೋಮವಾರ ಆಸ್ಪತ್ರೆಯ ಆಯಾ ಗಾಲಿಕುರ್ಚಿ ತಂದಳು.

"ಕೂತ್ಕೊಳಮ್ಮ. ಒಳಗೆ ಕಾಯ್ತಿದಾರೆ."

"ನನ್ನ ರಕ್ತದ ರಿಪೋರ್ಟ್ ಡಾಕ್ಟರು ನೋಡಿದ್ರಾ?"

"ಇನ್ನೂ ಬಂದಿಲ್ಲ. ಆಮೇಲೆ ನೋಡ್ತಾರೆ, ಕೂತ್ಕೋ. ನಿನ್ನ ಹಿಂದೆ ಎಷ್ಟು ಜನ ಇದಾರೆ ನೋಡು."

"ನನ್ನ ಮುಂದೆ ಒಬ್ಬಳು ಹೋಗಿದ್ದಾಳೆ," ಎಂದಳು ತೋಳಿನವಳು. "ನೋಡೋವರೆಗೂ ನಾನು ಕೂರಲ್ಲ."

ಗಂಡ ಖಾಲಿ ಕುರ್ಚಿಯನ್ನು ಗೋಡೆಯ ಕಡೆ ತಳ್ಳಿ, ಅವಳ ಪಕ್ಕಕ್ಕೆ ಬಂದು ನಿಂತ.