ತೊಟ್ಟಿಯಲ್ಲಿ ತಂದ ನೀರು

ಸಹೃದಯ ವಾಚಕ ಮಹಾಶಯರೇ, ಮನುಷ್ಯನು ತನ್ನ ಮನೆಯನ್ನು ಚಕ್ರಗಳ ಮೇಲೇರಿಸಿಕೊಂಡು ಹೊರಡುವುದಕ್ಕೆ ಲೋಕದಲ್ಲಿ ಎರಡೇ ಕಾರಣಗಳುಂಟು: ಒಂದು, ಎಲ್ಲಿಯಾದರೂ ಇರಬಲ್ಲೆನೆಂಬ ಹುಮ್ಮಸ್ಸು, ಇನ್ನೊಂದು, ಒಂದು ಊರಿನಲ್ಲಿ ಮಾತ್ರ ಇರಲಾರೆನೆಂಬ ಹಟ. ಎಂಬತ್ತೈದರ ಮುದುಕಿ ಇರ್ಮಾ ರೈಸಿಗ್‌ಳದು ಎರಡನೆಯದು. ದಯವಿಟ್ಟು ಅವಳನ್ನು ನೋಡಿ ನಗಬೇಡಿರಿ. ನಗುವ ಸಂದರ್ಭಗಳು ಬಾರದೆ ಇರವು, ಆದರೆ ಅವು ಬೇಗ ಮುಗಿಯುತ್ತವೆ.

ನಲವತ್ತೊಂಬತ್ತು ವರ್ಷಗಳ ಹಿಂದೆ, ಜುಲೈ ತಿಂಗಳ ಕಡೆಯ ವಾರದಲ್ಲಿ, ನೆಬ್ರಾಸ್ಕದ ಪಶ್ಚಿಮದಂಚಿನ ಕೆಲ್ಲರ್‌ಟನ್ ಎಂಬ ಒಕ್ಕಲು ಪಟ್ಟಣದ ದೊಡ್ಡ ನಾಲೆಯಲ್ಲಿ ಅವಳ ಹಿರಿಯ ಮಗಳು ಡೋರೀನ್ ಮುಳುಗಿದಳು. ಹನ್ನೆರಡು ವರ್ಷದ ಹುಡುಗಿ ಲಾರಿಯ ಟ್ಯೂಬಿನ ಮೇಲೆ ತೇಲುತ್ತ ರಸ್ತೆಯಡಿಯ ಸುರಂಗದೊಳಗೆ ಹೋದಳು. ಆಚೆಯ ಬಾಯಿಂದ ಟ್ಯೂಬು ಮಾತ್ರ ಹೊರಬಂತು. ದಡದಲ್ಲಿ ತನ್ನ ಸರದಿಗಾಗಿ ಕಾಯುತ್ತಿದ್ದ ತಂಗಿ ಲಿನೆಟ್‌ಗೆ ಆಗ ಒಂಬತ್ತು. ಮೇಲಿನ ತೂಬು ಇಳಿಸಿ ನೀರು ತಡೆದಿದ್ದರೆ ಮರುದಿನ ಬೆಳಗಾಗುವುದರೊಳಗೆ ನಾಲೆಯ ತಳ ಕಾಣುತ್ತಿತ್ತು. ಇಳಿಸಲಿಲ್ಲ. ಬೀನ್ಸು ಹೂಬಿಟ್ಟ ವಾರವದು. ಆ ಬಿಸಿಲಿಗೆ ನೀರು ತಪ್ಪಿದರೆ ಹೂವೆಲ್ಲ ಉದುರುತ್ತದೆ. ನಾಲೆ ಮಂಡಳಿಯ ಐವರು ಬಾಗಿಲು ಹಾಕಿಕೊಂಡು ಮಾತಾಡಿದರು. ನೀರು ಹರಿಯುತ್ತಲೇ ಇತ್ತು. ಇರ್ಮಾ ಮೂರು ದಿನ ಏರಿಯ ಮೇಲೆ ನಿಂತಳು. ಮೂರನೆಯ ದಿನ, ಹನ್ನೊಂದು ಮೈಲಿ ಕೆಳಗೆ, ಕಸ ತಡೆಯುವ ಕಂಬಿಗಳಲ್ಲಿ ಹುಡುಗಿ ಸಿಕ್ಕಿದಳು.

ಆ ಐವರಲ್ಲಿ ಇರ್ಮಾಳ ಗಂಡ ಕಾನ್ರಾಡನೂ ಒಬ್ಬ. "ಗೋಗರೆದೆ ಕಣೇ, ಅವ್ರು ಕೇಳ್ಲಿಲ್ಲ" ಎಂದಷ್ಟೇ ಅವನು ಹೇಳಿದ. ಬೇಡವೆಂದವನು ಯಾರೆಂದು ಸಾಯುವವರೆಗೂ ಬಾಯಿಬಿಡಲಿಲ್ಲ. ಇರ್ಮಾ ಆ ಚಳಿಗಾಲದಲ್ಲೇ ಹೊಲ ಮಾರಿಸಿ, ಸಂಸಾರವನ್ನು ಶೈಯೆನ್ ನಗರಕ್ಕೆ ಎಳೆದೊಯ್ದಳು. ಕೆಲ್ಲರ್‌ಟನ್ನಿನ ಸೂರಿನಡಿ ಮಲಗೆನು, ಅಲ್ಲಿಯ ನೀರು ಮುಟ್ಟೆನು ಎಂಬ ಅವಳ ಶಪಥ ಸಡಿಲಲೇ ಇಲ್ಲ.

ಈಗ ಐವರೂ ಮಣ್ಣು ಸೇರಿದ್ದರು. ಆದರೆ ಅಂದಿನ ನೀರುಗಂಟಿ, ತೂಬಿನ ಕೀಲಿ ಸೊಂಟಕ್ಕೆ ಕಟ್ಟಿಕೊಂಡು ತಿರುಗುತ್ತಿದ್ದ ಆರ್ಲೋ ವೆಟ್ಜೆಲ್, ಕೆಲ್ಲರ್‌ಟನ್ನಿನ ಕೆರೆ ಪಾರ್ಕಿನಲ್ಲಿ ಬಿಡಾರ ಹೂಡುವವರಿಗೆ ಸೌದೆ ಹಂಚಿಕೊಂಡು ಇನ್ನೂ ಬದುಕಿದ್ದಾನೆಂದು ನೆಂಟರೊಬ್ಬರ ಪತ್ರ ಹೇಳಿತು. ಇರ್ಮಾ ಪತ್ರವನ್ನು ಮಡಿಸಿ, "ಒಂದು ಹೆಸರು ಬೇಕು ನಂಗೆ. ಅದು ಸಿಗದೆ ನಾನು ಸಾಯಲ್ಲ," ಎಂದಳು. ಲಿನೆಟ್ ಮನೆಗಾಡಿಯೊಂದನ್ನು ಬಾಡಿಗೆಗೆ ಹಿಡಿದು, ಅದರ ತೊಟ್ಟಿಗೆ ಮನೆಯ ನಲ್ಲಿಯಿಂದಲೇ ಕಂಠಮಟ್ಟ ನೀರು ತುಂಬಿದಳು.

"ಇದೇನು ಮನೆಯೋ, ಚಕ್ರ ಕಟ್ಟಿದ ಬೀರುವೋ?" ಎಂದಳು ಇರ್ಮಾ, ಮೆಟ್ಟಿಲು ಹತ್ತುತ್ತ. "ಕಕ್ಕಸಲ್ಲಿ ಕೂತ್ರೆ ಮೊಣಕಾಲು ಅಡಿಗೆಮನೇಲಿರತ್ತೆ!"

"ಒಳ್ಳೇದೇ ಆಯ್ತಲ್ಲಮ್ಮ. ಕೂತಲ್ಲೇ ಒಲೆ ಮೇಲಿನ ಹಾಲು ನೋಡ್ಕೋಬಹುದು."

"ನಿಮ್ಮಪ್ಪನ ನಾಲಿಗೆ ನಿಂದು," ಎಂದು ಮುದುಕಿ ನಕ್ಕಳು. ಆ ಪಯಣದಲ್ಲಿ ಅವಳು ನಕ್ಕಿದ್ದು ಅದೊಂದೇ ಸಲ.

ಮೊದಲ ದಿನ ಅವರು ಊರು ಸುತ್ತಿದರು. ಸಕ್ಕರೆ ಕಾರ್ಖಾನೆಯ ಹೊಗೆಕೊಳವೆ ಶರತ್ಕಾಲಕ್ಕಾಗಿ ಕಾಯುತ್ತ ತಣ್ಣಗೆ ನಿಂತಿತ್ತು. ಧಾನ್ಯದ ಕಣಜಗಳಿಗೆ ಹೊಸ ಬಣ್ಣ ಬಂದಿತ್ತು. ರೈಸಿಗರ ಮನೆಯಿದ್ದ ಜಾಗದಲ್ಲಿ ಮನೆಯಿರಲಿಲ್ಲ, ಬೇಲಿಯಿರಲಿಲ್ಲ, ಇರ್ಮಾ ನೆಟ್ಟ ಪಾಪ್ಲರ್ ಮರಗಳಿರಲಿಲ್ಲ; ಬೀನ್ಸಿನ ಹಸುರಿನ ಮೇಲೆ ಕಾಲು ಮೈಲಿ ಉದ್ದದ ತುಂತುರು ಯಂತ್ರವೊಂದು ಗಡಿಯಾರದ ಮುಳ್ಳಿನಂತೆ ನಿಧಾನವಾಗಿ ಸುತ್ತುತ್ತಿತ್ತು. ಇರ್ಮಾ ಕಿಟಕಿಯ ಪರದೆ ಎಳೆದಳು.

ಮುಖ್ಯ ಬೀದಿಯ ಹೆಸ್ಲರ್ ಬೇಕರಿಯಲ್ಲಿ ಲಿನೆಟ್ ಎಲೆಕೋಸು, ಮಾಂಸ ತುಂಬಿದ ಬನ್ನುಗಳನ್ನು ಕೊಂಡಳು. ಬಿಸಿಯಾರದ ಪೊಟ್ಟಣವನ್ನು ತಾಯಿ ಮೂಸಿದಳು. ಅವಳ ಬಾಲ್ಯವೆಲ್ಲ ಆ ವಾಸನೆಯಲ್ಲಿತ್ತು. ಆಮೇಲೆ ಕಿಟಕಿ ಇಳಿಸಿ, ಬಾಗಿಲಲ್ಲಿ ನಿಂತಿದ್ದ ಬೇಕರಿಯ ಹುಡುಗಿಯನ್ನು ಕೇಳಿದಳು: "ಹಿಟ್ಟು ಯಾವ ನೀರಲ್ಲಿ ಕಲಸಿದ್ದಮ್ಮಾ?"

"ನಲ್ಲಿ ನೀರಲ್ಲೇ ಅಜ್ಜಿ. ಇನ್ನೇನು, ಷಾಂಪೇನಲ್ಲಿ ಕಲಸ್ತಾರಾ?"

ಇರ್ಮಾ ಪೊಟ್ಟಣವನ್ನು ಮಗಳ ತೊಡೆಯ ಮೇಲಿಟ್ಟಳು. "ನೀನು ತಿನ್ನು. ನಿಂಗೆ ಬಾಯಿಚಪಲ."

ಎರಡನೆಯ ದಿನ ಸುಣ್ಣಗುಡ್ಡಗಳ ಪಾರ್ಕಿಗೆ ಹೋದರು. ಇರ್ಮಾ ಗಾಡಿಯಿಂದ ಇಳಿಯಲಿಲ್ಲ. ಗುಡ್ಡದ ನೆತ್ತಿಯಿಂದ ಇಡೀ ಕಣಿವೆ ಕಾಣುತ್ತಿತ್ತು. ಅದರ ನಡುವೆ ನಾಲೆ, ನದಿಗಿಂತ ನೆಟ್ಟಗೆ, ನದಿಗಿಂತ ತುಂಬಿ ಹರಿಯುತ್ತಿತ್ತು. ಲಿನೆಟ್ ಅಲ್ಲಿಂದ ಸುರಂಗದ ಜಾಗವನ್ನು ಹುಡುಕಿದಳು. ಸಿಕ್ಕಿದಾಗ ಕಣ್ಣು ಬೇರೆಡೆ ತಿರುಗಿಸಿದಳು. ಹಿಂತಿರುಗಿದಾಗ ತಾಯಿ ಸಣ್ಣ ಬಚ್ಚಲಿನಲ್ಲಿ ಕೈ ತೊಳೆಯುತ್ತಿದ್ದಳು. ಎರಡು ದಿನದಿಂದ ಅವಳು ತೊಳೆಯುತ್ತಲೇ ಇದ್ದಳು: ಬಾಗಿಲ ಹಿಡಿ ಮುಟ್ಟಿದರೆ, ಧೂಳು ಬಂದರೆ, ಸುಮ್ಮನೆ ಕೂತಿದ್ದರೂ. ತೊಟ್ಟಿಯ ಮಟ್ಟ ತೋರಿಸುವ ನಾಲ್ಕು ದೀಪಗಳಲ್ಲಿ ಒಂದೇ ಉರಿಯುತ್ತಿತ್ತು.

ಅಂದು ಸಂಜೆಯ ಹೊತ್ತಿಗೆ ಕೆರೆ ಪಾರ್ಕು ಸೇರಿದರು. ತಾಯಿ ಮಲಗಿದ ಮೇಲೆ ಲಿನೆಟ್ ಸೌದೆಯ ರಾಶಿಯತ್ತ ನಡೆದಳು. ಒಬ್ಬ ಮುದುಕ ತುಂಡುಗಳನ್ನು ಹಗ್ಗದಿಂದ ಕಟ್ಟುತ್ತಿದ್ದ. ಸೊಂಟಕ್ಕೆ ಈಗಲೂ ಒಂದು ಕೀಲಿಗೊಂಚಲಿತ್ತು.

"ಸೌದೆ ಬೇಕಾ ತಾಯಿ? ಒಣಗಿದೆ. ನನ್ನಷ್ಟೇ."

"ನಾನು ಕಾನ್ರಾಡ್ ರೈಸಿಗ್ ಮಗಳು. ಸಣ್ಣೋಳು."

ಹಗ್ಗ ಅವನ ಕೈಯಿಂದ ಜಾರಿತು. ಅವನು ಮನೆಗಾಡಿಯತ್ತ ನೋಡಿ ಕೇಳಿದ: "ಇರ್ಮಾ ಬಂದಿದಾರಾ?"

"ಒಳಗೆ ಮಲಗಿದಾರೆ. ನಾಳೆ ಬೆಳಗ್ಗೆ ನಿಮ್ಮನ್ನ ಕೇಳ್ತಾರೆ, ಬೇಡ ಅಂದೋರು ಯಾರು ಅಂತ. ಮೊದಲು ನಂಗೆ ಹೇಳಿ."

"ಬೇಡ ಮಗಳೇ."

"ಬೇಡ ಅನ್ನೋ ಮಾತನ್ನ ಈ ಊರು ಒಂದ್ಸಲ ಹೇಳಿ ಆಗಿದೆ."

ಆರ್ಲೋ ಸೌದೆಯ ಮೇಲೆ ಕುಳಿತ. "ಇಬ್ರು ಇಳಿಸು ಅಂದ್ರು. ಇಬ್ರು ಬೇಡ ಅಂದ್ರು. ಕೂಸಿನ ತಂದೆ, ನೀನು ಹೊರಗಿರಪ್ಪ, ನಾವೇ ಏನೋ ಮಾಡ್ತೀವಿ ಅಂದ್ರು ನಿಮ್ಮಪ್ಪಂಗೆ. ಅವ್ರು ಹೊರಗೆ ಹೋಗ್ಲಿಲ್ಲ. ಇಳಿಸೋದು ಬೇಡ ಅಂತ ಕೈ ಎತ್ತಿದ್ರು." ಅವನು ತನ್ನ ಒರಟು ಅಂಗೈಯನ್ನು ನೋಡಿಕೊಂಡ. "ಮಗು ಹೋಗಿ ಆರು ಗಂಟೆ ಹೊತ್ತಾಯ್ತು, ಸತ್ತೋಳಿಗೋಸ್ಕರ ನಲವತ್ತು ಮನೆಯ ಹೂವು ಉದುರಿಸಿ ನಾಳೆ ಯಾರ ಮುಖ ನೋಡ್ಲಿ, ನೀರು ಹರೀಲಿ ಅಂದ್ರು."

ಕೆರೆಯ ಮೇಲೆ ಯಾರದೋ ದೋಣಿಯ ಯಂತ್ರ ಕೆಮ್ಮಿ ನಿಂತಿತು.

"ಇಲ್ಲ," ಎಂದಳು ಲಿನೆಟ್.

"ನಂಗೂ ತಡೀಲಿಲ್ಲ. ರಾತ್ರಿ ಯಾರಿಗೂ ಹೇಳದೆ ಹೋಗಿ ತೂಬನ್ನ ನಾಲ್ಕು ಸುತ್ತು ಇಳಿಸ್ದೆ. ಬೆಳಗ್ಗೆ ನೋಡ್ತೀನಿ, ನಿಮ್ಮಪ್ಪ ತೂಬಿನ ಚಕ್ರ ಹಿಡ್ಕೊಂಡು ವಾಪಸ್ ಎತ್ತುತಿದಾರೆ. ಅಳ್ತಾ ಇದ್ರು. ಎತ್ತುತಾನೂ ಇದ್ರು. ಇರ್ಮಾಗೆ ಹೇಳ್ಬೇಡ ಅಂತ ಕೈ ಮುಗಿದ್ರು."

ಲಿನೆಟ್‌ಳ ಕಣ್ಣಿಗೆ ಶೈಯೆನ್ನಿನ ಸ್ಮಶಾನ ಬಂತು. ಅಪ್ಪನ ಸಮಾಧಿಯ ಕಲ್ಲಿನಲ್ಲಿ ಅಮ್ಮನ ಹೆಸರೂ ಆಗಲೇ ಕೆತ್ತಿತ್ತು. ಸತ್ತ ವರ್ಷದ ಜಾಗವೊಂದೇ ಖಾಲಿ. ಪ್ರತಿ ಭಾನುವಾರ ಅಮ್ಮ ಆ ಕಲ್ಲನ್ನು ಒರೆಸುತ್ತಿದ್ದಳು.

"ಮಂಡಳೀಲಿದ್ದ ಹೆಸ್ಲರ್ ಅನ್ನಿ," ಎಂದಳು ಅವಳು, ತನ್ನ ದನಿ ತನಗೇ ಅಪರಿಚಿತವಾಗಿ. "ಅಮ್ಮಂಗೆ ಮೊದಲಿಂದ ಅವನ ಮೇಲೇ ಅನುಮಾನ. ಸತ್ತೋನಿಗೆ ಏನಾಗ್ಬೇಕು?"

ಆರ್ಲೋ ಜಾರಿದ ಹಗ್ಗವನ್ನು ಎತ್ತಿಕೊಂಡು ಮತ್ತೆ ಕಟ್ಟತೊಡಗಿದ.

ಬೆಳಗ್ಗೆ ಇರ್ಮಾ ಚರ್ಚಿಗೆ ಹೋಗುವ ನೀಲಿ ಉಡುಪು ತೊಟ್ಟು, ಕೋಲೂರಿಕೊಂಡು ಸೌದೆಯ ರಾಶಿಯವರೆಗೆ ನಡೆದಳು. ಮಗಳ ತೋಳನ್ನು ಹಿಡಿಯಲಿಲ್ಲ. ಆರ್ಲೋ ಟೋಪಿ ತೆಗೆದು ಎದ್ದು ನಿಂತ.

"ಚೆನ್ನಾಗಿದೀರಾ, ಇರ್ಮಾ ಅಮ್ಮ?"

"ಉಪಚಾರ ಬೇಡ. ಐದು ಜನ ಬಾಗಿಲು ಹಾಕ್ಕೊಂಡ್ರು. ಬೇಡ ಅಂದೋನು ಯಾರು?"

ಆರ್ಲೋ ಲಿನೆಟ್‌ಳನ್ನು ನೋಡಿದ. ಅವಳು ನೆಲ ನೋಡಿದಳು.

"ಯಾರೂ ಅಲ್ಲ. ಅವ್ರು ಇಳಿಸು ಅಂದ್ರು. ಕೀಲಿ ನನ್ನ ಸೊಂಟದಲ್ಲಿತ್ತು. ನಾನೇ ಇಳಿಸ್ಲಿಲ್ಲ."

ಕೋಲಿನ ತುದಿ ಮಣ್ಣಿನಲ್ಲಿ ಒಂದಿಂಚು ಇಳಿಯಿತು. "ಅವ್ರು ಕೇಳ್ಲಿಲ್ಲ ಅಂತ ಕಾನ್ರಾಡ್ ಹೇಳಿದ್ದ."

"ನನ್ನ ಉಳಿಸೋಕೆ ಹಾಗೆ ಹೇಳಿದ್ರು. ಮನೇಲಿ ಎರಡು ಸಣ್ಣ ಮಕ್ಕಳಿದ್ವು ನಂಗೆ."

"ಯಾಕೆ ಇಳಿಸ್ಲಿಲ್ಲ?"

"ನಂದೂ ಹತ್ತೆಕರೆ ಬೀನ್ಸಿತ್ತು."

ಲಿನೆಟ್ ಬಾಯಿ ತೆರೆದಳು. ಆಡಬೇಕಾದ ಮಾತು ನಾಲಿಗೆಯ ಮೇಲೇ ಇತ್ತು. ಆಡಿದರೆ ಒಬ್ಬ ಮುದುಕ ಉಳಿಯುತ್ತಿದ್ದ. ಒಂದು ಸಮಾಧಿ ಒಡೆಯುತ್ತಿತ್ತು. ಅವಳು ಬಾಯಿ ಮುಚ್ಚಿದಳು.

"ಪುಣ್ಯಾತ್ಮ ನನ್ನ ಗಂಡ," ಎಂದಳು ಇರ್ಮಾ ನಿಧಾನವಾಗಿ. "ನಿನ್ನಂಥೋನನ್ನ ಕಾಯೋಕೆ ನನ್ನ ಹತ್ರ ಬಾಯಿ ಹೊಲ್ಕೊಂಡಿದ್ದ." ಆಮೇಲೆ ಒಂದು ಹೆಜ್ಜೆ ಮುಂದಿಟ್ಟು, ನೆರೆಯವರಿಗೆ ಹವೆಯ ವಿಚಾರ ಹೇಳುವಷ್ಟೇ ಶಾಂತವಾಗಿ ಹೇಳಿದಳು: "ಬಾಯಾರಿ ಸಾಯಿ ಆರ್ಲೋ. ನೀರು ಕಣ್ಣೆದುರಿಗಿರ್ಲಿ, ಕೈಗೆ ಎಟುಕದೆ ಹೋಗ್ಲಿ."

"ಆಗ್ಲಿ ತಾಯಿ," ಎಂದ ಆರ್ಲೋ.

ಇರ್ಮಾ ಹಿಂತಿರುಗಿ ನೋಡದೆ ಗಾಡಿ ಹತ್ತಿ, ಬಚ್ಚಲಿನ ನಲ್ಲಿ ತಿರುಗಿಸಿದಳು. ಪಂಪು ಗೊರಗೊರ ಎಂದಿತು. ನೀರು ಬರಲಿಲ್ಲ. "ಲಿನೀ! ಏನಾಗಿದೆ ನೋಡೇ ಇದಕ್ಕೆ!"

"ಗಾಳಿ ಸಿಕ್ಕೊಂಡಿರ್ಬೇಕಮ್ಮ. ನೀನು ಕೂತ್ಕೋ."

ಶೈಯೆನ್ನಿಗೆ ಎರಡು ಗಂಟೆಯ ದಾರಿ. ಮಾತ್ರೆ ನುಂಗುವ ಹೊತ್ತು ಮೀರುತ್ತಿತ್ತು. ಲಿನೆಟ್ ಗಾಡಿಯ ಹಿಂಬದಿಗೆ ಬಂದಳು. ಆರ್ಲೋ ಆಗಲೇ ಪಾರ್ಕಿನ ನಲ್ಲಿಯಿಂದ ಕೊಳವೆ ಎಳೆದು ತಂದು ನಿಂತಿದ್ದ. ಕೇಳದೆಯೇ ಅದರ ತುದಿಯನ್ನು ತೊಟ್ಟಿಯ ಬಾಯಿಗಿಟ್ಟ.

"ಹೆಸ್ಲರ್ ಅನ್ನಿ ಅಂದಿದ್ನಲ್ಲ," ಎಂದಳು ಅವಳು, ದನಿ ತಗ್ಗಿಸಿ.

"ಬೇಕರಿ ಹುಡುಗಿ ಹೆಸ್ಲರ್ ಮೊಮ್ಮಗಳು. ನಿಮ್ಮಮ್ಮ ಕೋಲು ತಗೊಂಡು ನೇರ ಅಲ್ಲಿಗೇ ಹೋಗ್ತಿದ್ರು." ಅವನ ತುಟಿ ಒಂದು ಕ್ಷಣ ಸೊಟ್ಟಗಾಯಿತು, ನಗುವೆನ್ನಲು ಸಾಲದು. "ಆ ಕಂಬಿಗಳಿಂದ ನಿಮ್ಮಕ್ಕನ್ನ ಬಿಡಿಸಿದ್ದು ನಾನೇ ಮಗಳೇ. ಇದಕ್ಕಿಂತ ಭಾರ ಹೊತ್ತಿದೀನಿ."

ನೀರು ತೊಟ್ಟಿಯೊಳಗೆ ಇಳಿಯುವ ಸದ್ದನ್ನು ಇಬ್ಬರೂ ಕೇಳುತ್ತ ನಿಂತರು. ಈ ನಲ್ಲಿಗೆ ಬರುವುದೂ ನಾಲೆಗೆ ಹೋಗುವುದೂ ಈ ಕೆರೆಯ ನೀರೇ. ತುಂಬಿದ ಮೇಲೆ ಲಿನೆಟ್ ಮುಚ್ಚಳ ತಿರುಗಿಸಿದಳು. ಆರ್ಲೋ ಕೊಳವೆಯನ್ನು ಸುತ್ತಿಕೊಂಡು ಹೊರಟುಹೋದ.

ಅವಳು ವಿದ್ಯುತ್ತಿನ ತಂತಿಯನ್ನು ಕಿತ್ತು ಮಡಿಸಿದಳು, ಊರೆಗಾಲುಗಳನ್ನು ಎತ್ತಿದಳು, ಚಕ್ರದಡಿಯ ಮರದ ತುಂಡುಗಳನ್ನು ತೆಗೆದಳು, ಮೆಟ್ಟಿಲನ್ನು ಒಳಗೆ ಮಡಚಿದಳು. ಬೀರುಗಳಿಗೆ ಒಂದೊಂದಾಗಿ ಚಿಲಕ ಹಾಕುತ್ತ ಬರುವಾಗ ತಾಯಿ ಮಾತ್ರೆಗಳನ್ನು ಅಂಗೈಯಲ್ಲಿಟ್ಟುಕೊಂಡು ಕೂತಿದ್ದಳು.

"ನೀರು ಬಂತಾ?"

"ಬಂತು." ಲಿನೆಟ್ ಲೋಟ ತುಂಬಿ ಕೊಟ್ಟಳು.

ಇರ್ಮಾ ಮಾತ್ರೆ ಹಾಕಿಕೊಂಡು ಲೋಟವನ್ನು ಪೂರ್ತಿ ಕುಡಿದಳು, ಬಾಯಾರಿದವರು ಕುಡಿಯುವಂತೆ, ಕತ್ತೆತ್ತಿ, ಕಣ್ಣುಮುಚ್ಚಿ. "ನಮ್ಮ ಶೈಯೆನ್ ನೀರಿನ ರುಚಿ ಇನ್ನೆಲ್ಲೂ ಬರಲ್ಲ ನೋಡು," ಎಂದಳು. "ಇನ್ನೊಂದು ಕೊಡು."

ಲಿನೆಟ್ ಕೊಟ್ಟಳು. ಖಾಲಿ ಲೋಟವನ್ನು ಉರುಳದಂತೆ ಸಿಂಕಿನಲ್ಲಿಟ್ಟು, ಮುಂದಿನ ಆಸನಕ್ಕೆ ಹೋಗಿ ಕುಳಿತು, ಬ್ರೇಕು ಬಿಟ್ಟಳು. ಪಾರ್ಕಿನ ಗೇಟು ದಾಟಿದೊಡನೆ ನಾಲೆ ರಸ್ತೆಯ ಎಡಕ್ಕೆ ಸೇರಿಕೊಂಡಿತು. ಎರಡೂ ದಡ ತುಂಬಿ, ಗಾಡಿಯ ಜೊತೆಜೊತೆಗೆ, ಆ ಹನ್ನೊಂದು ಮೈಲಿಯೂ ಹರಿಯಿತು.