ಕೆಂಚನಿಗೆ ಹಾಕಿದ ಹುಳುವಿನ ಮಾತ್ರೆ

ಕೂಟಗಲ್ಲಿನ ಸಿದ್ದಮ್ಮನ ಮನೆಯಲ್ಲಿ ರೇಷ್ಮೆಹುಳುಗಳಿಗೆ ಸಪ್ಪೆ ರೋಗ ತಗುಲಿ ಮೈ ಮೆತ್ತಗಾದರೆ ಸಾಕು, ಆಕೆ ಡಬ್ಬಿಯಿಂದ ಕ್ಯಾಪ್ಸೂಲು ತೆಗೆದು ಬಿಚ್ಚಿ, ಪುಡಿಯನ್ನು ನೀರಿಗೆ ಕಲಸಿ ಹಿಪ್ಪುನೇರಳೆ ಸೊಪ್ಪಿಗೆ ಚಿಮುಕಿಸುತ್ತಿದ್ದಳು. ಮನುಷ್ಯರಿಗೆ ಕೊಡುವ ಔಷಧಿಯೇ ಅದು. ಅಂಗಡಿಯವನು ಡಾಕ್ಟರ ಚೀಟಿ ಕೇಳುತ್ತಿರಲಿಲ್ಲ, ಇವಳು ತರುತ್ತಿರಲಿಲ್ಲ. ಊರಿಗೆಲ್ಲ ಅದು ಹುಳುವಿನ ಮಾತ್ರೆ, ಅಷ್ಟೆ.

ಹುಳುವಿಗೆ ಆದದ್ದು ನಾಯಿಗೆ ಯಾಕಾಗಬಾರದು? ಮನೆಯ ನಾಯಿ ಕೆಂಚ ಸತ್ತ ಹುಳು ತಿಂದು ಭೇದಿ ಮಾಡಿಕೊಂಡಾಗಲೆಲ್ಲ ಅರ್ಧ ಕ್ಯಾಪ್ಸೂಲನ್ನು ಮುದ್ದೆಯೊಳಗಿಟ್ಟು ನುಂಗಿಸುತ್ತಿದ್ದಳು. ಭೇದಿ ನಿಂತರೆ ಮಾತ್ರೆಯೂ ನಿಲ್ಲುತ್ತಿತ್ತು. ರೇಷ್ಮೆ ಬೆಳೆಗೊಂದು ಸಲದಂತೆ ಆರು ವರ್ಷ ಹೀಗೇ ನಡೆಯಿತು. ತನ್ನಷ್ಟು ಜಾಣೆ ಊರಲ್ಲೇ ಇಲ್ಲ ಅಂದುಕೊಂಡಿದ್ದಳು, ಪಾಪ!

ಹೆರಿಗೆಗೆಂದು ತವರಿಗೆ ಬಂದಿದ್ದ ಮಗಳು ದಿವ್ಯ ಹಗಲೆಲ್ಲ ಕೆಂಚನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಜಗಲಿಯಲ್ಲಿ ಕೂರುತ್ತಿದ್ದಳು. ಏಳು ತಿಂಗಳು ತುಂಬುವಾಗ ಅವಳಿಗೆ ಉರಿಮೂತ್ರ ಶುರುವಾಯಿತು.

"ಉಷ್ಣ ಕಣವ್ವ, ಒಸಿ ಎಳನೀರು ಕುಡಿ" ಎಂದಳು ಸಿದ್ದಮ್ಮ.

ನಾಲ್ಕನೇ ದಿನ ಚಳಿಜ್ವರ ಬಂತು. ರಾಮನಗರದ ಆಸ್ಪತ್ರೆಗೆ ಸೇರಿಸಿದರು. ಒಂದು ಇಂಜೆಕ್ಷನ್ ಕೊಟ್ಟರು, ಬದಲಿಸಿದರು, ಮತ್ತೆ ಬದಲಿಸಿದರು. ಹತ್ತು ದಿನಕ್ಕೆ ಹೊಟ್ಟೆಯಲ್ಲಿದ್ದ ಕೂಸು ಹೋಯಿತು. ಹಾಳಾದ ಜ್ವರ ಹೋಗಲಿಲ್ಲ.

ದಿವ್ಯಳ ಮೈಯಲ್ಲಿದ್ದ ಕ್ರಿಮಿಗೆ ಯಾವ ಔಷಧಿಯೂ ನಾಟುತ್ತಿರಲಿಲ್ಲ. ಅವಳು ಹಗಲೆಲ್ಲ ನಾಯಿಯ ಜೊತೆ ಇರುತ್ತಿದ್ದಳೆಂದು ಕೇಳಿ ಅನುಮಾನ ಬಂದು ಡಾಕ್ಟರಮ್ಮ ಇಸ್ಮತ್ ಕೆಂಚನ ಮಲವನ್ನೂ ತರಿಸಿ ಪರೀಕ್ಷೆ ಮಾಡಿಸಿದ್ದರು. ಅದರಲ್ಲೂ ಅದೇ ಕ್ರಿಮಿ, ಅದೇ ಹಟ.

"ನಾಯಿಗೆ ಏನಾದ್ರೂ ಮಾತ್ರೆ ಹಾಕ್ತಿದ್ರಾ ಅಮ್ಮ?"

ಸಿದ್ದಮ್ಮ ಒಂದನ್ನೂ ಮುಚ್ಚಿಡದೆ ಹೇಳಿದಳು. ಪಕ್ಕದಲ್ಲಿದ್ದ ಅಳಿಯ ಬಾಲರಾಜು ಧಡಕ್ಕನೆ ಎದ್ದ. "ಆ ನಾಯಿನ ಹೊಡೆದಾಕ್ಬುಡ್ತೀನಿ!"

"ಕೂತ್ಕೊಳಪ್ಪ. ಅರ್ಧಂಬರ್ಧ ಮಾತ್ರೆ ಹಾಕಿದ್ರೆ ಕ್ರಿಮಿ ಸಾಯಲ್ಲ, ಔಷಧಿಗೇ ಬಗ್ಗದಂಗೆ ಗಟ್ಟಿಯಾಗ್ತವೆ. ಆದ್ರೆ ನಾಯಿಯಿಂದ ದಿವ್ಯಂಗೆ ಬಂತೋ, ದಿವ್ಯಳಿಂದ ನಾಯಿಗೆ ಹೋಯ್ತೋ, ಹೇಳೋಕಾಗಲ್ಲ. ನಿಮ್ಮತ್ತೆ ಹೊಟ್ಟೇಲೂ ಇರಬಹುದು, ಕೈಲೂ ಇರಬಹುದು" ಎಂದರು ಡಾಕ್ಟರಮ್ಮ.

"ಕೆಂಚ ಗುಂಡುಕಲ್ಲಂಗೆ ಐತಲ್ಲವ್ವ" ಎಂದಳು ಸಿದ್ದಮ್ಮ.

"ಈ ಕ್ರಿಮಿಗಳು ಕರುಳಲ್ಲಿ ಸುಮ್ಮನೆ ಇರ್ತವಮ್ಮ. ರಕ್ತಕ್ಕೆ ಸೇರಿದರೇನೇ ಕಷ್ಟ. ದಿವ್ಯಂಗೆ ಕೊನೇ ಔಷಧಿನೂ ಕೊಟ್ಟು ನೋಡಿದ್ವಿ. ನಮ್ಮತ್ರ ಇನ್ನೇನೂ ಉಳಿದಿಲ್ಲ" ಎಂದು ಡಾಕ್ಟರಮ್ಮ ತಲೆ ತಗ್ಗಿಸಿದರು.

ಅಯ್ಯೋ, ಆ ಹೊತ್ತಿನ ಸಂಕಟ ಯಾರಿಗೂ ಬೇಡ. ಸಿದ್ದಮ್ಮ ನಲ್ಲಿಯ ಕೆಳಗೆ ಮೊಣಕೈವರೆಗೂ ಸೋಪು ಹಚ್ಚಿ ತೊಳೆದಳು. ಮತ್ತೆ ತೊಳೆದಳು. ಚರ್ಮ ಕೆಂಪಾದ ಮೇಲೆ ಮಗಳ ಮಂಚದ ಬಳಿ ಬಂದು ನಿಂತಳು.

ದಿವ್ಯ ಕಣ್ಣು ಬಿಟ್ಟಳು. "ಅವ್ವ, ತಲೆ ಸಿಡೀತೈತೆ. ಒಸಿ ಸವರವ್ವ."

ಸಿದ್ದಮ್ಮ ಕೈ ಚಾಚಿದಳು. ಹಣೆ ಇನ್ನೊಂದು ಗೇಣು ದೂರ ಇರುವಾಗ ಹೆದರಿಕೆಗೆ ಕೈ ಅಲ್ಲೇ ನಿಂತಿತು. ಹಿಂದಕ್ಕೆಳೆದು ಸೆರಗಿನೊಳಗೆ ಸುತ್ತಿಕೊಂಡಳು.

ದಿವ್ಯ ಸೆರಗಿನೊಳಗೆ ಸುತ್ತಿದ ಕೈಯನ್ನು ನೋಡಿದಳು.

"ಯಾಕವ್ವ," ಎಂದಳು, "ನನ್ ಮ್ಯಾಲೆ ಸಿಟ್ಟಾ?"