ಬಡಿಸಿದ ತಟ್ಟೆ ಖಾಲಿ ಉಳಿದಾಗ

ಮಲಯಾಳಿಗಳ ಊರಾದ ಕಾಕ್ಕನಾಡಿನ ಆ ಫ್ಲ್ಯಾಟುಗಳಲ್ಲಿ ಕನ್ನಡದವರ ಮನೆ ಮೂರೋ ನಾಲ್ಕೋ. ವರ್ಗವಾಗಿ ಹೊರಟವರು ಹೊಸಬರಿಗೆ ಮೊಸರಿನ ಹೆಪ್ಪು, ಇಡ್ಲಿ ಪಾತ್ರೆ, ಜೊತೆಗೊಂದು ಮಾತ್ರೆ ಡಬ್ಬ ಕೊಟ್ಟು ಹೋಗುವುದು ವಾಡಿಕೆ. ಎಲ್ಲರೂ ನುಂಗಿ ಉಳಿಸಿದ ಮಾತ್ರೆಗಳು ಅದರಲ್ಲಿ. ಬ್ಯಾಂಕಿನ ಮೋಹನನ ಹೆಂಡತಿ ಸರೋಜಳಿಗೆ ಆ ಡಬ್ಬವೆಂದರೆ ಅರ್ಧ ಆಸ್ಪತ್ರೆ.

ಅವಳ ಅತ್ತೆ ಜಯಮ್ಮನಿಗೆ ಮತ್ತೆ ಉರಿಮೂತ್ರ, ಚಳಿಜ್ವರ. ಡಾಕ್ಟರು ಮೂತ್ರದ ರೋಗಾಣುವನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆ ಬರೆದರು. ಸರೋಜ ಮೊದಲು ಡಬ್ಬದ ಆಂಟಿಬಯಾಟಿಕ್ ನುಂಗಿಸಿ, ಆಮೇಲೆ ಮೂತ್ರ ಕಳಿಸಿದಳು. ಲ್ಯಾಬಿನಲ್ಲಿ ಏನೂ ಬೆಳೆಯಲಿಲ್ಲ. ಜ್ವರ ಏರುತ್ತಲೇ ಇತ್ತು.

"ನಿಮ್ಮ ಲ್ಯಾಬು ದಂಡ ಕಣ್ರೀ!" ಎಂದು ಪಕ್ಕದ ಮನೆಯ ಕೌಸಲ್ಯಾಳ ಮೇಲೆ ರೇಗಿದಳು. ಕಾಸರಗೋಡಿನ ಕೌಸಲ್ಯಾ ಅದೇ ಲ್ಯಾಬಿನವಳು.

"ಕೋಪ ಮಾಡ್ಬೇಡಿ ಮಾರಾಯ್ರೆ. ಪುಡ್ಡಿಂಗ್ ಗಟ್ಟಿಯಾಗ್ಲಿಕ್ಕೆ ಚೈನಾ ಗ್ರಾಸ್ ಹಾಕ್ತೇವಲ್ಲ, ಅದಕ್ಕೆ ರೋಗಾಣುವಿಗೆ ಆಹಾರವಾಗುವ ಸತ್ವ ಸೇರಿಸಿ ಕುದಿಸ್ತೇವೆ. ಬೇರೆ ಕ್ರಿಮಿ ಉಳಿಯಬಾರದು ಅಂತ ದೊಡ್ಡ ಕುಕ್ಕರಿನಂಥ ಯಂತ್ರದಲ್ಲಿ ಬೇಯಿಸ್ತೇವೆ. ಸ್ವಲ್ಪ ಆರಿಸಿ ತಟ್ಟೆಗೆ ಹೊಯ್ದರೆ ಗಟ್ಟಿಯಾಗ್ತದೆ. ಅದೇ ರೋಗಾಣುವಿಗೆ ಬಡಿಸಿದ ಊಟ. ಅದರ ಮೇಲೆ ಮೂತ್ರ ಸವರಿಡ್ತೇವೆ. ರೋಗಾಣು ಉಂಡು ಬೆಳೆದರೆ ಯಾವ ಔಷಧಿಗೆ ಸಾಯ್ತದೆ ಅಂತ ನೋಡ್ಲಿಕ್ಕೆ ಆಗ್ತದೆ. ಸ್ಯಾಂಪಲಿಗೆ ಮೊದಲು ಎಂತಾದ್ರೂ ಕೊಟ್ಟಿದ್ರಾ?"

ಸರೋಜಳ ಮುಖ ಸಪ್ಪಗಾಯಿತು. "ಒಂದೇ ಒಂದು. ಡಬ್ಬದ್ದು."

"ಊಟಕ್ಕೆ ಬರುವವನನ್ನು ದಾರಿಯಲ್ಲೇ ಹೊಡೆದು ಬೀಳಿಸಿದ್ರಿ. ಅವ ಸಾಯ್ಲೂ ಇಲ್ಲ, ನಮ್ಮ ತಟ್ಟೆಗೆ ಬರ್ಲೂ ಇಲ್ಲ. ಡಾಕ್ಟರಿಗೆ ಇದನ್ನು ಹೇಳಿ."

ಸರೋಜ ಆಗಲೇ ಅತ್ತೆಯನ್ನೂ ಡಬ್ಬವನ್ನೂ ಆಸ್ಪತ್ರೆಗೆ ಒಯ್ದಳು. ನಾಚಿಕೆಯಾದರೂ ಎಲ್ಲ ಹೇಳಿದಳು. "ಹೀಗೇ ಬಿಟ್ಟರೆ ಕಿಡ್ನಿಗೆ ಅಪಾಯ. ಹೊಸ ಸ್ಯಾಂಪಲ್ ಕೊಡಿ, ಕೊಟ್ಟ ಕೂಡಲೇ ಔಷಧಿ ಶುರು ಮಾಡೋಣ" ಎಂದರು ಡಾಕ್ಟರು.

ಮೂತ್ರ ಬೇಗ ಬರಲಿಲ್ಲ. ಬೆಂಚಿನ ಮೇಲೆ ಜಯಮ್ಮ ನಡುಗುತ್ತ ಗೋಗರೆದಳು: "ಡಬ್ಬ ತಾರವ್ವ, ಒಂದ್ ಮಾತ್ರೆ ನುಂಗ್ತೀನಿ."

"ಕೊಟ್ಬಿಡೇ, ಒಂದರಿಂದ ಏನಾಗುತ್ತೆ?" ಎಂದ ಜೊತೆಗೆ ಬಂದಿದ್ದ ಮೋಹನ.

ಸರೋಜ ಡಬ್ಬ ಎತ್ತಿಕೊಂಡಳು. ಎದ್ದು ಹೋಗಿ, ಮಾತ್ರೆಗಳನ್ನೆಲ್ಲ ವಿಲೇವಾರಿಗೆಂದು ಅಲ್ಲಿನ ಫಾರ್ಮಸಿಯವರ ಕೈಗೆ ಸುರಿದು ಬಂದಳು. "ಒಂದರಿಂದ್ಲೇ ಇಷ್ಟೆಲ್ಲ ಆಗಿದ್ದು. ನೀರು ಕುಡೀರಿ ಅತ್ತೆ. ಮೊದ್ಲು ಸ್ಯಾಂಪಲ್ಲು."

ಈ ಸಲ ತಟ್ಟೆಯಲ್ಲಿ ರೋಗಾಣು ಬೆಳೆಯಿತು. ಡಬ್ಬದ ಮಾತ್ರೆಗೆ ಅದು ಮಂಕಾಗುವುದೇ ಹೊರತು ಸಾಯುವುದಿಲ್ಲವೆಂದು ರಿಪೋರ್ಟು ಹೇಳಿತು. ಶುರು ಮಾಡಿದ್ದ ಔಷಧಿ ಬದಲಿಸಿ, ಅದನ್ನು ಕೊಲ್ಲುವ ಔಷಧಿಯನ್ನು ಡಾಕ್ಟರು ಬರೆದರು. ಜ್ವರ ಇಳಿದ ಮೇಲೂ ಜಯಮ್ಮ ಒಂದು ಹೊತ್ತೂ ತಪ್ಪಿಸದೆ ಹೇಳಿದಷ್ಟನ್ನೂ ನುಂಗಿ ಮುಗಿಸಿದಳು.

ಮುಂದೆ ಮೋಹನನಿಗೆ ತಿರುವನಂತಪುರಕ್ಕೆ ವರ್ಗವಾಯಿತು. ಹೊಸದಾಗಿ ಬಂದ ಪಾವನಾಳಿಗೆ ಅವನೇ ಹೆಪ್ಪು, ಇಡ್ಲಿ ಪಾತ್ರೆ, ಡಬ್ಬ ಕೊಟ್ಟ. ಪಾವನಾ ಮುಚ್ಚಳ ತೆಗೆದು, "ಮಾತ್ರೆ ಎಲ್ಲಿ?" ಎಂದಳು. ಒಳಗೆ ಸೂಜಿ, ದಾರ, ಗುಂಡಿಗಳಿದ್ದವು.

"ಮಾತ್ರೆ ಡಾಕ್ಟರು ಕೊಡ್ತಾರಮ್ಮ," ಎಂದ ಮೋಹನ.

ನಿಮ್ಮ ಮನೆಯಲ್ಲೂ ಅಂಥದೊಂದು ಡಬ್ಬ ಇದೆಯಲ್ಲವೇ? ಇವತ್ತೇ ತೆರೆದು ನೋಡಿ. ಉಳಿದ ಆಂಟಿಬಯಾಟಿಕ್ ನುಂಗಬೇಡಿ, ಯಾರಿಗೂ ಕೊಡಬೇಡಿ. ಕಲ್ಚರ್ ಬರೆದರೆ ಮೊದಲು ಸ್ಯಾಂಪಲ್ ಕೊಡಿ. ಮಾತ್ರೆ ನುಂಗಿಬಿಟ್ಟಿದ್ದರೆ ಮುಚ್ಚಿಡದೆ ಡಾಕ್ಟರಿಗೆ ಹೇಳಿ.